ಜನ ತುಂಬಿದ ಜಲಪಾತದಲ್ಲಿ ನೀರಿನ ಫೋಟೊ ತೆಗೆಯುವುದು ಹೇಗೆ?

ಹೆಸರಾದ ಯಾವುದಾದರೂ ಜಲಪಾತದ ವ್ಯೂ ಪಾಯಿಂಟಿನಲ್ಲಿ ಹತ್ತು ನಿಮಿಷ ಸುಮ್ನೆ ನಿಂತು ಜನರನ್ನು ನೋಡಿ. ಬರುತ್ತಾರೆ, ಕಂಬಿಗೆ ಒರಗುತ್ತಾರೆ, ಫೋನ್ ಎತ್ತುತ್ತಾರೆ. ಜಲಪಾತದ್ದು ಒಂದು, ಬೆನ್ನು ತಿರುಗಿಸಿ ತಮ್ಮದು ಒಂದು. ಹೊರಟರು. ಎಲ್ಲರೂ ನಿಂತದ್ದು ಅದೇ ಜಾಗ, ಬಂದದ್ದು ಅದೇ ಮಟಮಟ ಮಧ್ಯಾಹ್ನ. ಆಮೇಲೆ ನೋಡಿದರೆ ನೀರು ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ, ಪಕ್ಕದ ಬಂಡೆ ಇದ್ದಿಲಿನ ಹಾಗೆ ಕಪ್ಪಗೆ. ಕಣ್ಣಿಗೆ ಕಂಡದ್ದು ಎಲ್ಲಿ ಹೋಯಿತು ಅನ್ನಿಸುತ್ತದೆ, ಅಲ್ವಾ?

ನನಗೂ ಮೊದಮೊದಲು ಹೀಗೇ ಆಗುತ್ತಿತ್ತು. ಕ್ಯಾಮೆರಾ ಸರಿಯಿಲ್ಲ ಎಂದುಕೊಂಡು ಬೇರೆ ಕ್ಯಾಮೆರಾ ಕೊಂಡೆ. ಫೋಟೊ ಮಾತ್ರ ಅದೇ. ನಿಧಾನಕ್ಕೆ ಗೊತ್ತಾಗಿದ್ದು ಇಷ್ಟು: ಜಲಪಾತದ ಮುಂದೆ ನಿಂತಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ 'ನೀರು ಹೇಗೆ ಕಾಣಬೇಕು?' ಎಂಬುದು. ಅದಕ್ಕೆ ಉತ್ತರ ಸಿಕ್ಕಿದರೆ ಉಳಿದ ಸೆಟ್ಟಿಂಗ್‌ಗಳು ತಾವಾಗಿ ಹೊಂದಿಕೊಳ್ಳುತ್ತವೆ.

ಹೊರಡುವ ಮೊದಲು: ಬಿಸಿಲು ಯಾವ ಕಡೆಯಿಂದ?

ಜಲಪಾತ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಮ್ಯಾಪಿನಲ್ಲಿ ನೋಡಿಕೊಳ್ಳಿ. ಪೂರ್ವಕ್ಕೆ ಮುಖ ಮಾಡಿದ್ದರೆ ಬೆಳಗಿನ ಬಿಸಿಲು ನೇರವಾಗಿ ನೀರಿನ ಮೇಲೆ ಬೀಳುತ್ತದೆ. ಪಶ್ಚಿಮಕ್ಕಿದ್ದರೆ ಮಧ್ಯಾಹ್ನದವರೆಗೂ ನೆರಳು. ನಮಗೆ ಬೇಕಾದದ್ದು ಹೆಚ್ಚಿನ ಸಲ ಈ ನೆರಳೇ. ಅರ್ಧ ನೀರಿಗೆ ಬಿಸಿಲು, ಅರ್ಧಕ್ಕೆ ನೆರಳು ಬಿದ್ದಾಗ ಎರಡನ್ನೂ ಒಂದೇ ಫೋಟೊದಲ್ಲಿ ಹಿಡಿಯುವುದು ಯಾವ ಕ್ಯಾಮೆರಾಗೂ ಕಷ್ಟ. ಮೋಡ ಕವಿದ ದಿನ ಇನ್ನೂ ಒಳ್ಳೆಯದು. ಪ್ರವಾಸಿಗರು 'ಛೆ, ಮೋಡ' ಎಂದು ಬೇಸರ ಮಾಡಿಕೊಳ್ಳುವ ದಿನವೇ ಫೋಟೊಗೆ ಹಬ್ಬ.

ಬೆಳಕಿನ ದಿಕ್ಕು ಎಷ್ಟು ಮುಖ್ಯ ಎನ್ನುವುದಕ್ಕೆ ಅಮೆರಿಕದ ಯೊಸೆಮಿಟಿ ಉದ್ಯಾನದ ಹಾರ್ಸ್‌ಟೇಲ್ ಜಲಪಾತ ನೋಡಿ. ವರ್ಷದ ಬಹುಪಾಲು ಅದರ ಕಡೆ ಯಾರೂ ಅಷ್ಟಾಗಿ ತಿರುಗಿ ನೋಡುವುದಿಲ್ಲ. ಫೆಬ್ರವರಿಯ ಎರಡನೇ ಅರ್ಧದಲ್ಲಿ ಮಾತ್ರ ಮುಳುಗುವ ಸೂರ್ಯನ ಬೆಳಕು ಸರಿಯಾದ ಕೋನದಲ್ಲಿ ಬಿದ್ದು, ನೀರು ಕೆಲವು ನಿಮಿಷ ಕೆಂಡದ ಹಾಗೆ ಹೊಳೆಯುತ್ತದೆ. 1973ರಲ್ಲಿ ಛಾಯಾಗ್ರಾಹಕ ಗೇಲನ್ ರೋವೆಲ್ ಅದರ ಫೋಟೊ ತೆಗೆದ ಮೇಲೆ ಜಲಪಾತಕ್ಕೆ ದೊಡ್ಡ ಹೆಸರು ಬಂತು. ಈಗ ಆ ದಿನಗಳಲ್ಲಿ ಜನರನ್ನು ಸಂಭಾಳಿಸಲು ಉದ್ಯಾನದವರು ವಾಹನ ನಿಲ್ಲಿಸುವುದಕ್ಕೂ ಜನ ನಿಲ್ಲುವುದಕ್ಕೂ ಕಟ್ಟುಪಾಡು ಹಾಕುತ್ತಾರೆ. ಅಂದರೆ ಸರಿಯಾದ ಹೊತ್ತು ಎಲ್ಲರಿಗೂ ಗೊತ್ತಾದರೆ ಅಲ್ಲೂ ಜಂಗುಳಿಯೇ!

ಅಂಥ ವಿಶೇಷ ದಿನ ಬಿಟ್ಟರೆ ಉಳಿದ ಕಡೆ ಸೂತ್ರ ಸುಲಭ. ಗೇಟು ತೆರೆಯುವ ಹೊತ್ತಿಗೆ ಅಲ್ಲಿರಿ, ಇಲ್ಲವೇ ಮುಚ್ಚುವ ಮುಂಚಿನ ಒಂದು ಗಂಟೆ ಇಟ್ಟುಕೊಳ್ಳಿ. ಟ್ರೈಪಾಡ್ ಬಿಡುತ್ತಾರಾ ಎಂದು ಮೊದಲೇ ವಿಚಾರಿಸಿ. ಡ್ರೋನ್ ಆಸೆ ಇದ್ದರಂತೂ ಕೇಳದೆ ಹಾರಿಸಬೇಡಿ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದಲೂ ಅದಕ್ಕೆ ನಿಷೇಧವಿದೆ. ಬೇರೆ ದೇಶಗಳಲ್ಲೂ ನಿಯಮಗಳು ಕಟ್ಟುನಿಟ್ಟು.

ಚೀಲದಲ್ಲಿ ಏನಿರಬೇಕು

ಟ್ರೈಪಾಡ್, ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್), ಒಂದು ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಕಪ್ಪು ಗಾಜು), ನಾಲ್ಕೈದು ಒಣ ಮೈಕ್ರೋಫೈಬರ್ ಬಟ್ಟೆ, ಚೀಲಕ್ಕೆ ಮಳೆಕವಚ, ಒಂದು ಛತ್ರಿ. ಬಟ್ಟೆ ಒಂದೇ ಸಾಕು ಅನ್ನಬೇಡಿ. ಒಂದು ಸಲ ಒದ್ದೆಯಾದರೆ ಅದು ಲೆನ್ಸನ್ನು ಒರೆಸುವುದಿಲ್ಲ, ನೀರನ್ನು ಸವರುತ್ತದೆ ಅಷ್ಟೆ. ಕಾಲಿಗೆ ಒಳ್ಳೆ ಹಿಡಿತ ಇರುವ ಬೂಟು. ಲೆನ್ಸ್‌ಗಳ ಮೂಟೆ ಬೇಡ. ತುಂತುರಿನ ನಡುವೆ ಲೆನ್ಸ್ ಬದಲಾಯಿಸುವಂತಿಲ್ಲ, ಹಾಗಾಗಿ ಒಂದು ಜೂಮ್ ಲೆನ್ಸ್ ಹಾಕಿಕೊಂಡು ಹೋಗುವುದೇ ಜಾಣತನ.

ಕ್ಯಾಮೆರಾ ಹೊರಗೆ ತೆಗೆಯಬೇಡಿ, ಮೊದಲು ಸುತ್ತಾಡಿ

ಹತ್ತು ನಿಮಿಷ ಬರಿಗೈಯಲ್ಲಿ ಓಡಾಡಿ. ಎಸಿ ಕಾರಿನಿಂದ ಇಳಿದವರು ಅರ್ಧ ಗಂಟೆಯೇ ಓಡಾಡಿ, ಅವರಿಗೆ ಇದರಿಂದ ಇನ್ನೊಂದು ಲಾಭ. ತಣ್ಣಗಾದ ಲೆನ್ಸನ್ನು ತೇವದ ಗಾಳಿಗೆ ತಕ್ಷಣ ಹಿಡಿದರೆ ಮಂಜು ಕೂರುತ್ತದೆ. ಮುಚ್ಚಿದ ಚೀಲದಲ್ಲೇ ಅರ್ಧ ಗಂಟೆ ಇಟ್ಟರೆ ಅದು ಹೊರಗಿನ ಶಾಖಕ್ಕೆ ಹೊಂದಿಕೊಳ್ಳುತ್ತದೆ.

ಓಡಾಡುವಾಗ ಮೂರು ವಿಷಯ ಗಮನಿಸಿ. ಗಾಳಿ ಯಾವ ಕಡೆ ಬೀಸುತ್ತಿದೆ, ತುಂತುರು ಎಲ್ಲಿಯವರೆಗೆ ಬರುತ್ತಿದೆ? ಜನ ಎಲ್ಲಿ ಗುಂಪಾಗುತ್ತಾರೆ, ಎಲ್ಲಿ ಖಾಲಿ ಇದೆ? ಬಿದ್ದ ನೀರು ಮುಂದೆ ಎಲ್ಲಿಗೆ ಹರಿದು ಹೋಗುತ್ತದೆ? ಈ ಮೂರನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ. ನನ್ನ ಪ್ರಕಾರ ಒಳ್ಳೆ ಫೋಟೊ ಸಿಗುವುದು ಬಹಳ ಸಲ ಅಲ್ಲೇ. ನೀರು ಬಂಡೆಗಳ ನಡುವೆ ಸುತ್ತಿಕೊಂಡು ಬರುವ ಜಾಗದಲ್ಲಿ ತಗ್ಗಿ ಕೂತರೆ ಆ ಹರಿವೇ ನೋಡುವವರ ಕಣ್ಣನ್ನು ಹಿಂದಿನ ಜಲಪಾತದವರೆಗೆ ಕರೆದುಕೊಂಡು ಹೋಗುತ್ತದೆ. ಅಲ್ಲಿ ಸೆಲ್ಫಿಯ ಗಲಾಟೆಯೂ ಇಲ್ಲ.

ಆದರೆ ಕಂಬಿ ದಾಟಿ ಮಾತ್ರ ಇಳಿಯಬೇಡಿ. ಒದ್ದೆ ಪಾಚಿಯ ಮೇಲೆ ಎಂಥ ಬೂಟೂ ನಿಲ್ಲುವುದಿಲ್ಲ. ಇಳಿಯಲು ಬಿಡುವ ಜಾಗದಲ್ಲೂ ನೀರಿನ ಮೇಲೆ ಒಂದು ಕಣ್ಣಿರಲಿ. ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ ಮೇಲಿನ ಕಾಡಿನಲ್ಲಿ ಮಳೆ ಸುರಿಯುತ್ತಿರಬಹುದು. ತಿಳಿಯಾಗಿದ್ದ ನೀರು ದಿಢೀರನೆ ಕೆಂಪಗಾದರೆ, ಕಡ್ಡಿ ಎಲೆ ತೇಲಿ ಬರಲು ಶುರುವಾದರೆ, ಸದ್ದು ದಪ್ಪಗಾದರೆ ಟ್ರೈಪಾಡ್ ಮಡಚುತ್ತಾ ಕೂರಬೇಡಿ. ಹಾಗೇ ಎತ್ತಿಕೊಂಡು ಮೇಲಕ್ಕೆ ಹೊರಡಿ. ಅದು ಸಿಕ್ಕಿಕೊಂಡಿದ್ದರೆ ಬಿಟ್ಟು ಹೊರಡಿ. ಮೇಲ್ಗಡೆ ಅಣೆಕಟ್ಟಿರುವ ಹೊಳೆಯಾದರೆ ಮಳೆಯೇ ಇಲ್ಲದೆಯೂ ನೀರು ಏರುತ್ತದೆ. ಸೈರನ್ ಕೇಳಿದರೆ ಕೊನೆಯ ಒಂದು ಫೋಟೊ ಎಂದು ನಿಲ್ಲಬೇಡಿ.

ಈಗ ಮುಖ್ಯ ವಿಷಯ: ಶಟರ್

ಶಟರ್ ಹೊತ್ತು ಅಂದರೆ ಫೋಟೊ ತೆಗೆಯುವಾಗ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು. ಒಂದು ಸಣ್ಣ ಲೆಕ್ಕ ಮಾಡೋಣ. 10 ಮೀಟರ್ ಎತ್ತರದಿಂದ ಬಿದ್ದ ನೀರಿನ ವೇಗ, ಗಾಳಿಯ ತಡೆ ಬಿಟ್ಟು ನೋಡಿದರೆ, ಸೆಕೆಂಡಿಗೆ ಸುಮಾರು 14 ಮೀಟರ್. ಶಟರ್ 1/1000 ಸೆಕೆಂಡ್ ಇದ್ದರೆ ಅಷ್ಟು ಹೊತ್ತಿನಲ್ಲಿ ಒಂದು ಹನಿ ಇಳಿಯುವುದು 1.4 ಸೆಂಟಿಮೀಟರ್. ದೂರದಿಂದ ನೋಡಿದರೆ ಹನಿ ನಿಂತಂತೆಯೇ ಕಾಣುತ್ತದೆ. 1/60 ಇಟ್ಟರೆ ಅದೇ ಹನಿ 23 ಸೆಂಟಿಮೀಟರ್ ಜಾರುತ್ತದೆ. ಅರ್ಧ ಸೆಕೆಂಡಿಗೆ 7 ಮೀಟರ್! ಅಷ್ಟುದ್ದದ ಗೆರೆಗಳು ಒಂದರ ಮೇಲೊಂದು ಬಿದ್ದಾಗ ನಾವು 'ರೇಷ್ಮೆಯ ಹಾಗೆ' ಅನ್ನುವ ನೀರು ಬರುತ್ತದೆ.

ಇಲ್ಲಿ 1/60ರ ಆಸುಪಾಸು ಒಂದು ತ್ರಿಶಂಕು ಜಾಗ. ಹನಿಯೂ ಅಲ್ಲ, ರೇಷ್ಮೆಯೂ ಅಲ್ಲ. ಕೈ ಅಲುಗಿದ ಫೋಟೊ ಥರ ಕಾಣುತ್ತದೆ. ಆಟೊ ಮೋಡಿನಲ್ಲಿ ಬಿಟ್ಟ ಕ್ಯಾಮೆರಾ ನೆರಳಿನಲ್ಲಿ ಎಷ್ಟೋ ಸಲ ಬಂದು ನಿಲ್ಲುವುದೂ ಇಲ್ಲೇ. ಹಾಗಾಗಿ ಶಟರನ್ನು ನೀವೇ ಆರಿಸಿ. ಡಯಲ್ ಶಟರ್ ಪ್ರಯಾರಿಟಿ (ಶಟರ್ ನಿಮ್ಮದು, ಉಳಿದದ್ದು ಕ್ಯಾಮೆರಾದ್ದು) ಅಥವಾ ಮ್ಯಾನುಯಲ್‌ನಲ್ಲಿರಲಿ.

ನೀರಿನ ಅಬ್ಬರ ತೋರಿಸಬೇಕಾ? ಕೆಂಪು ನೀರು ತುಂಬಿ ಧುಮುಕುತ್ತಿದೆಯಾ? 1/1000 ಅಥವಾ ಇನ್ನೂ ವೇಗ. ಇದಕ್ಕೆ ಟ್ರೈಪಾಡ್ ಬೇಡ. ಬೆಳಕು ಸಾಲದಿದ್ದರೆ ಐಎಸ್‌ಒ (ಕಡಿಮೆ ಬೆಳಕಲ್ಲೂ ಫೋಟೊ ಬೆಳಗಿಸುವ ಸೆಟ್ಟಿಂಗ್) ಏರಿಸಿ.

ಮೃದುವಾಗಿ ಬೇಕಾ? 1/4ರಿಂದ 1 ಸೆಕೆಂಡ್ ಒಳಗೆ ಹುಡುಕಿ. ಎಷ್ಟೆಂದು ನೀರೇ ಹೇಳುತ್ತದೆ. ಬೇಸಗೆಯ ಸಣ್ಣ ಎಳೆಗೆ 1 ಸೆಕೆಂಡ್, ಕೆಲವು ಸಲ 2 ಸೆಕೆಂಡ್ ಕೊಟ್ಟರೂ ಎಳೆ ಎಳೆಯಾಗಿ ಉಳಿಯುತ್ತದೆ. ಮಳೆಗಾಲದ ತುಂಬು ನೀರಿಗೆ ಅಷ್ಟೇ ಕೊಟ್ಟರೆ ಬಿಳಿ ಬೆಡ್‌ಶೀಟ್ ಇಳಿಬಿಟ್ಟ ಹಾಗಾಗುತ್ತದೆ. ಅದಕ್ಕೆ 1/8 ಸಾಕು. ದೂರವೂ ಲೆಕ್ಕಕ್ಕೆ ಬರುತ್ತದೆ. ಎದುರು ಗುಡ್ಡದಿಂದ ಅಗಲವಾಗಿ ತೆಗೆದರೆ ಫೋಟೊದಲ್ಲಿ ನೀರು ಓಡುವ ದೂರ ಕಡಿಮೆ, ಹೊತ್ತು ಜಾಸ್ತಿ ಕೊಡಿ. ಜೂಮ್ ಮಾಡಿ ಒಂದೇ ಸೀಳನ್ನು ಹಿಡಿದರೆ ಹೊತ್ತು ಕಡಿಮೆ ಮಾಡಿ.

30 ಸೆಕೆಂಡಿನ ಹತ್ತಿಯಂಥ ಜಲಪಾತ ನನಗೆ ಇಷ್ಟವಿಲ್ಲ, ಇದನ್ನು ಮುಚ್ಚಿಡುವುದಿಲ್ಲ. ಅದರಲ್ಲಿ ಆ ಜಲಪಾತದ ಗುರುತೇ ಹೋಗಿಬಿಡುತ್ತದೆ. ಯಾವ ಬಂಡೆಗೆ ಬಡಿದು ಎಲ್ಲಿ ಚಿಮ್ಮುತ್ತದೆ ಅನ್ನುವುದೆಲ್ಲ ಅಳಿಸಿ ಹೋಗುತ್ತದೆ. ಅರ್ಧ ಸೆಕೆಂಡಿನಲ್ಲಿ ಮೃದುವೂ ಇರುತ್ತದೆ, ಗೆರೆಯೂ ಉಳಿಯುತ್ತದೆ. ಯಾವುದು ಇಷ್ಟ ಎಂದು ಗೊತ್ತಾಗದಿದ್ದರೆ ಒಂದೇ ಜಾಗದಿಂದ 1/8, 1/4, 1/2, 1, 2 ಹೀಗೆ ಐದು ತೆಗೆದುಕೊಂಡು ಬನ್ನಿ. ದೊಡ್ಡ ಪರದೆಯಲ್ಲಿ ನೋಡಿ ತೀರ್ಮಾನಿಸಿ.

ಬೆಳಕು ಜಾಸ್ತಿಯಾದರೆ

ಐಎಸ್‌ಒ 100, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್/11 ಇಟ್ಟುಕೊಳ್ಳಿ. ಎಫ್/22ಕ್ಕೆ ಹೋದರೆ ಶಟರ್ ನಿಧಾನವಾಗುತ್ತದೆ ನಿಜ. ಆದರೆ ಅಷ್ಟು ಚಿಕ್ಕ ಕಿಂಡಿಯ ಅಂಚಿನಲ್ಲಿ ಬೆಳಕು ಚದುರಿ ಇಡೀ ಫೋಟೊ ಸ್ವಲ್ಪ ಮಂಕಾಗುತ್ತದೆ. ಲೆನ್ಸಿನ ಮೇಲಿನ ಹನಿ, ಸೆನ್ಸರ್ ಮೇಲಿನ ಧೂಳು ಕೂಡ ಎದ್ದು ಕಾಣುತ್ತವೆ.

ಮೋಡದ ದಿನ ಮರಗಳ ನೆರಳಿನಲ್ಲಿ ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಬಿಸಿಲಿದ್ದರೆ ಇದೇ ಸೆಟ್ಟಿಂಗಿಗೆ ಶಟರ್ 1/200ರ ಹತ್ತಿರ ಬರುತ್ತದೆ. ಆಗ ಎನ್‌ಡಿ ಫಿಲ್ಟರ್ ಹಾಕಬೇಕು. ಅದು ಲೆನ್ಸಿಗೆ ಹಾಕುವ ಕಪ್ಪು ಕನ್ನಡಕ ಅನ್ನಿ. ಎನ್‌ಡಿ8 ಬೆಳಕನ್ನು ಎಂಟನೇ ಒಂದು ಭಾಗಕ್ಕೆ ಇಳಿಸುತ್ತದೆ, ಎನ್‌ಡಿ64 ಅರವತ್ನಾಲ್ಕನೇ ಒಂದು ಭಾಗಕ್ಕೆ. ಲೆಕ್ಕ ಸುಲಭ: ಫಿಲ್ಟರ್ ಇಲ್ಲದಾಗಿನ ಹೊತ್ತನ್ನು ಆ ಸಂಖ್ಯೆಯಿಂದ ಗುಣಿಸಿ. 1/200ನ್ನು 64ರಿಂದ ಗುಣಿಸಿದರೆ ಸುಮಾರು 1/3 ಸೆಕೆಂಡ್. ನಮಗೆ ಬೇಕಾದ ಜಾಗ ಅದೇ. ಒಂದೇ ಫಿಲ್ಟರ್ ಕೊಳ್ಳುವುದಾದರೆ ಎನ್‌ಡಿ64 ಕೊಳ್ಳಿ. ಎನ್‌ಡಿ1000 ಜಲಪಾತಕ್ಕೆ ಹೆಚ್ಚಿನ ಸಲ ಅತಿಯಾಯಿತು.

ಪೋಲರೈಸರ್ ಬೇರೆ ವಿಷಯ. ಒದ್ದೆ ಬಂಡೆ, ಒದ್ದೆ ಎಲೆಗಳ ಮೇಲೆ ಆಕಾಶದ ಬಿಳಿ ಹೊಳಪು ಕೂತಿರುತ್ತದೆ. ಕಣ್ಣು ಅದನ್ನು ಮರೆತು ನೋಡುತ್ತದೆ, ಕ್ಯಾಮೆರಾ ಮರೆಯುವುದಿಲ್ಲ. ಪೋಲರೈಸರನ್ನು ನಿಧಾನಕ್ಕೆ ತಿರುಗಿಸುತ್ತಾ ಹೋಗಿ. ಒಂದು ಹಂತದಲ್ಲಿ ಹೊಳಪು ಕರಗಿ ಪಾಚಿಯ ಹಸಿರು, ನೀರಿನ ತಳದ ಕಲ್ಲು ಮೇಲೆದ್ದು ಬರುತ್ತವೆ. ಈ ಬದಲಾವಣೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ತರುವುದು ಸುಲಭವಲ್ಲ. ಜೊತೆಗೆ ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧ) ಬೆಳಕೂ ಕಡಿಮೆಯಾಗುತ್ತದೆ, ನಮಗೆ ಅದೂ ಲಾಭವೇ.

ಬಿಳಿ ಬಣ್ಣ ಉಳಿಸಿಕೊಳ್ಳುವುದು

ಸುತ್ತ ಕಪ್ಪು ಬಂಡೆ, ನಡುವೆ ಬಿಳಿ ನೀರು. ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಬಂಡೆಯನ್ನು ನೋಡಿ 'ಕತ್ತಲೆ ಜಾಸ್ತಿ' ಎಂದು ಬೆಳಕು ಏರಿಸುತ್ತದೆ. ನೀರು ಸುಟ್ಟು ಹೋಗುತ್ತದೆ, ಅಂದರೆ ಬರಿ ಬಿಳಿಯಾಗುತ್ತದೆ. ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಫೋಟೊದ ಬೆಳಕು ಏರಿಸಿ ಇಳಿಸುವ ಸೆಟ್ಟಿಂಗ್) ಮೈನಸ್ 0.7ರಿಂದ ಶುರು ಮಾಡಿ. ಹೈಲೈಟ್ ವಾರ್ನಿಂಗ್ ಹಾಕಿಟ್ಟುಕೊಂಡರೆ ಸುಟ್ಟ ಜಾಗ ಪರದೆಯಲ್ಲಿ ಮಿನುಗುತ್ತದೆ. ನೀರಿನ ನಟ್ಟನಡುವೆ ಮಿನುಗಿದರೆ ಇನ್ನೂ ಇಳಿಸಿ. ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಉಳಿಸುವ ಮೂಲ ಫೈಲ್) ತೆಗೆದರೆ ಕಪ್ಪು ಬಂಡೆಯನ್ನು ಆಮೇಲೆ ಸ್ವಲ್ಪ ಬೆಳಗಿಸಬಹುದು. ಪೂರ್ತಿ ಬಿಳಿಯಾಗಿ ಹೋದ ನೀರಿನಿಂದ ಏನನ್ನೂ ವಾಪಸ್ ತರಲಾಗುವುದಿಲ್ಲ. ಆಕಾಶ ಬರಿ ಬಿಳಿಯಾಗಿದ್ದರೆ ಅದನ್ನು ಫ್ರೇಮಿನಿಂದಲೇ ಹೊರಗಿಡಿ.

ಟ್ರೈಪಾಡ್ ಮತ್ತು ತುಂತುರು

ಮರದ ಹಲಗೆಯ ಅಥವಾ ಕಬ್ಬಿಣದ ವ್ಯೂ ಪಾಯಿಂಟಿನಲ್ಲಿ ಒಬ್ಬರು ನಡೆದರೂ ಟ್ರೈಪಾಡ್ ನಡುಗುತ್ತದೆ. ಓಡಾಟ ನಿಂತ ಕ್ಷಣಕ್ಕೆ ಕಾಯಿರಿ. ನೆಲದ ಕಲ್ಲು ಸಿಕ್ಕಿದರೆ ಕಾಲುಗಳನ್ನು ಅಲ್ಲಿಗೆ ಇಳಿಸಿ. ಬಟನ್ ಕೈಯಿಂದ ಒತ್ತಬೇಡಿ, 2 ಸೆಕೆಂಡಿನ ಟೈಮರ್ ಹಾಕಿ. ನಡುಕ ತಡೆಯುವ ಸ್ಟೆಬಿಲೈಸೇಶನ್ ಟ್ರೈಪಾಡ್ ಮೇಲೆ ಕೆಲವು ಲೆನ್ಸ್‌ಗಳಲ್ಲಿ ತಾನೇ ನಡುಕ ತರುತ್ತದೆ, ಆರಿಸಿಡಿ. ಟ್ರೈಪಾಡ್ ಇಡಲು ಬಿಡದಿದ್ದರೆ ಕಂಬಿಯ ಮೇಲೆ ಮಡಚಿದ ಬಟ್ಟೆ ಇಟ್ಟು, ಅದರ ಮೇಲೆ ಕ್ಯಾಮೆರಾ ಒತ್ತಿ ಹಿಡಿಯಿರಿ. ಪಟ್ಟಿ ಕುತ್ತಿಗೆಯಲ್ಲೇ ಇರಲಿ! ಈಗಿನ ಒಳ್ಳೆ ಸ್ಟೆಬಿಲೈಸೇಶನ್ ಇರುವ ಕ್ಯಾಮೆರಾದಲ್ಲಿ ಹೀಗೆ ಒರಗಿ 1/4 ಸೆಕೆಂಡ್ ಹಿಡಿಯುವುದು ಕಷ್ಟವೇನಲ್ಲ. ಆಗ ಮಾತ್ರ ಅದನ್ನು ಆನ್ ಮಾಡಿಕೊಳ್ಳಿ. ಹತ್ತು ತೆಗೆದರೆ ಮೂರಾದರೂ ಸರಿ ಬರುತ್ತವೆ.

ತುಂತುರಿನದ್ದು ದೊಡ್ಡ ಕಾಟ. ಒಂದು ಸಲ ಮುಂಜಾನೆಯೇ ಹೋಗಿ, ಸುಮಾರು ನಲವತ್ತು ಫೋಟೊ ತೆಗೆದು ಖುಷಿಯಾಗಿ ವಾಪಸ್ ಬಂದಿದ್ದೆ. ಕಂಪ್ಯೂಟರಿನಲ್ಲಿ ತೆರೆದರೆ ಮೂರನೆಯದರಿಂದ ಕೊನೆಯವರೆಗೆ ಒಂದೇ ಜಾಗದಲ್ಲಿ ಒಂದೇ ಕಲೆ. ಚಿಕ್ಕ ಪರದೆಯಲ್ಲಿ ಅದು ಕಂಡಿರಲೇ ಇಲ್ಲ. ಅಂದಿನಿಂದ ಕ್ರಮ ಬದಲಾಯಿತು. ಸೆಟ್ಟಿಂಗ್ ಎಲ್ಲ ಮುಗಿಯುವ ತನಕ ಲೆನ್ಸಿಗೆ ಬಟ್ಟೆ ಮುಚ್ಚಿರುತ್ತದೆ. ಗಾಳಿ ತಗ್ಗಿದಾಗ ತೆಗೆದು, ಒರೆಸಿ, ಒಂದು ಫೋಟೊ. ಮತ್ತೆ ಮುಚ್ಚು. ಪ್ರತಿ ಸಲ ಪರದೆಯಲ್ಲಿ ಜೂಮ್ ಮಾಡಿ ಮೂಲೆಗಳನ್ನೂ ನೋಡುತ್ತೇನೆ. ಬೇಜಾರಿನ ಕೆಲಸ, ಆದರೆ ಬೇರೆ ದಾರಿಯಿಲ್ಲ. ಜೊತೆಗೆ ಬಂದವರಿಗೆ ಛತ್ರಿ ಹಿಡಿಯುವ ಕೆಲಸ ಕೊಟ್ಟರೆ ಅವರಿಗೂ ಹೊತ್ತು ಹೋಗುತ್ತದೆ.

ಜಲಪಾತ ಎಬ್ಬಿಸುವ ಗಾಳಿಗೆ ಪಕ್ಕದ ಎಲೆಗಳು ಸದಾ ಅಲ್ಲಾಡುತ್ತವೆ. ಅರ್ಧ ಸೆಕೆಂಡಿಗೆ ಅವು ಹಸಿರು ಮುದ್ದೆ. ಟ್ರೈಪಾಡ್ ಅಲುಗಿಸದೆ ಐಎಸ್‌ಒ ಏರಿಸಿ 1/125ರಲ್ಲಿ ಇನ್ನೊಂದು ತೆಗೆದಿಟ್ಟುಕೊಳ್ಳಿ. ಆಮೇಲೆ ನೀರನ್ನು ಒಂದರಿಂದ, ಎಲೆಯನ್ನು ಇನ್ನೊಂದರಿಂದ ಸೇರಿಸಬಹುದು.

ಜನರನ್ನು ಏನು ಮಾಡುವುದು?

ಮೊದಲ ಉಪಾಯ ತಾಳ್ಮೆ. ಜನ ಅಲೆಅಲೆಯಾಗಿ ಬರುತ್ತಾರೆ. ಒಂದು ಬಸ್ಸಿನವರು ಹೋಗಿ ಇನ್ನೊಂದು ಬಸ್ಸಿನವರು ಬರುವ ನಡುವೆ ಒಂದೆರಡು ನಿಮಿಷ ಖಾಲಿ ಸಿಗುತ್ತದೆ. ಆಗ ಸೆಟ್ಟಿಂಗ್ ಹುಡುಕುತ್ತಾ ಕೂತರೆ ಹೋಯಿತು, ಮೊದಲೇ ಸಿದ್ಧವಿರಿ.

ಎರಡನೆಯದು ಜೂಮ್. ಕೆಳಗಿನ ಜನರನ್ನು ಬಿಟ್ಟು ಮೇಲಿನ ಒಂದು ಕವಲು, ಬಂಡೆಯ ಒಂದು ಮೆಟ್ಟಿಲು, ಮಂಜಿನಲ್ಲಿ ನಿಂತ ಒಂದು ಮರ. ಇಡೀ ಜಲಪಾತ ತೋರಿಸಲೇಬೇಕು ಎಂದೇನೂ ಇಲ್ಲ.

ಮೂರನೆಯದು ಕಂಪ್ಯೂಟರಿನ ಸಹಾಯ. ಟ್ರೈಪಾಡ್ ಮೇಲೆ ಹತ್ತು ಸೆಕೆಂಡಿಗೊಂದರಂತೆ ಹದಿನೈದು ಫೋಟೊ ತೆಗೆಯಿರಿ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಒಂದರ ಮೇಲೊಂದು ಜೋಡಿಸಿ 'ಮೀಡಿಯನ್' ಕೊಟ್ಟರೆ, ಪ್ರತಿ ಜಾಗದಲ್ಲೂ ಹೆಚ್ಚಿನ ಫೋಟೊಗಳಲ್ಲಿ ಇದ್ದದ್ದು ಉಳಿಯುತ್ತದೆ. ಓಡಾಡಿದವರು ಮಾಯ. ಹರಟೆ ಹೊಡೆಯುತ್ತಾ ಕದಲದೆ ಕೂತವರು ಮಾತ್ರ ಹಾಗೇ ಉಳಿಯುತ್ತಾರೆ! ನೀರಿನ ಭಾಗವನ್ನು ಒಂದೇ ಫೋಟೊದಿಂದ ತೆಗೆದುಕೊಳ್ಳಿ, ಇಲ್ಲದಿದ್ದರೆ ಅದೂ ಹತ್ತಿಯಾಗುತ್ತದೆ.

ನಾಲ್ಕನೆಯದು ನನಗೆ ಇಷ್ಟದ್ದು: ಜನರನ್ನು ಇಟ್ಟುಕೊಳ್ಳುವುದು. ಎದುರಿಗೆ ಮನುಷ್ಯ ಇಲ್ಲದಿದ್ದರೆ ಜಲಪಾತ 20 ಮೀಟರೋ 200 ಮೀಟರೋ ಗೊತ್ತಾಗುವುದಿಲ್ಲ. ದೂರದಲ್ಲಿ ಕೆಂಪು ಅಥವಾ ಹಳದಿ ಮಳೆಕೋಟು ಹಾಕಿದ ಒಬ್ಬರು ನಿಂತಿದ್ದರೆ ಇಡೀ ಎತ್ತರ ತಟ್ಟನೆ ಅರ್ಥವಾಗುತ್ತದೆ. ನಿಮ್ಮವರೇ ಆದರೆ ಅರ್ಧ ಸೆಕೆಂಡ್ ಅಲುಗಾಡದೆ ನಿಲ್ಲಲು ಹೇಳಿ. ಗುರುತಿಲ್ಲದವರ ಮುಖ ಕಾಣುವ ಹಾಗಿದ್ದರೆ ಒಂದು ಮಾತು ಕೇಳಿ ತೆಗೆಯುವುದು ಸರಿ.

ಫೋನ್ ಮಾತ್ರ ಇದ್ದರೆ

ಚಿಂತೆ ಬೇಡ. ಐಫೋನಿನಲ್ಲಿ ಲೈವ್ ಫೋಟೊ ಆನ್ ಮಾಡಿ, ಕೈ ಗಟ್ಟಿಯಾಗಿ ಹಿಡಿದು ತೆಗೆಯಿರಿ. ಆಮೇಲೆ ಆ ಫೋಟೊ ತೆರೆದು 'ಲೈವ್' ಮೆನುವಿನಲ್ಲಿ 'ಲಾಂಗ್ ಎಕ್ಸ್‌ಪೋಶರ್' ಆರಿಸಿ. ಒತ್ತಿದ ಕ್ಷಣದ ಹಿಂದೆ ಮುಂದೆ ತಲಾ 1.5 ಸೆಕೆಂಡ್ ದೃಶ್ಯ ಸೇರಿಸಿ ನೀರನ್ನು ಮೃದು ಮಾಡಿಕೊಡುತ್ತದೆ. ಅಂಚು ಸ್ವಲ್ಪ ಕತ್ತರಿಸಿ ಹೋಗುತ್ತದೆ, ಹಾಗಾಗಿ ಸುತ್ತ ಜಾಗ ಬಿಟ್ಟು ತೆಗೆಯಿರಿ. ಪಿಕ್ಸೆಲ್ 6ರಿಂದ ಈಚಿನ ಹಲವು ಪಿಕ್ಸೆಲ್ ಫೋನ್‌ಗಳಲ್ಲೂ ಇಂಥ ಲಾಂಗ್ ಎಕ್ಸ್‌ಪೋಶರ್ ಇದೆ. ಬೇರೆ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪ್ರೊ ಮೋಡ್ ಇದ್ದರೆ ಐಎಸ್‌ಒ ತೀರಾ ಕಡಿಮೆ ಮಾಡಿ ಶಟರ್ 1/4 ಇಡಿ. ಹೆಚ್ಚಿನ ಫೋನುಗಳ ಅಪರ್ಚರ್ ಬದಲಾಗದ ಕಾರಣ ಬಿಸಿಲಿನಲ್ಲಿ ಇದು ಪೂರ್ತಿ ಬಿಳಿಯಾಗುತ್ತದೆ. ನೆರಳಿನ ಹೊತ್ತಿಗೆ ಕಾಯುವುದೇ ದಾರಿ.

ಕಾಮನಬಿಲ್ಲು ಬೇಕಾದವರಿಗೆ

ಇದಕ್ಕೆ ಮಾತ್ರ ಬಿಸಿಲು ಬೇಕೇ ಬೇಕು. ಸೂರ್ಯ ಬೆನ್ನ ಹಿಂದಿರಲಿ. ನಿಮ್ಮ ತಲೆಯ ನೆರಳು ಬೀಳುವ ದಿಕ್ಕಿನಿಂದ 42 ಡಿಗ್ರಿ ದೂರದಲ್ಲಿ ಬಿಲ್ಲು ಮೂಡುತ್ತದೆ. ಅಳೆಯಲು ಕೈಯೇ ಸಾಕು: ತೋಳು ಪೂರ್ತಿ ಚಾಚಿ ಗೇಣು ಬಿಡಿಸಿದರೆ ಸುಮಾರು 20 ಡಿಗ್ರಿ. ನೆರಳಿನ ತಲೆಯಿಂದ ಎರಡು ಗೇಣು ಅಳೆದು ಅಲ್ಲಿ ತುಂತುರು ಇದೆಯಾ ನೋಡಿ. ಇಲ್ಲದಿದ್ದರೆ ನೀವೇ ಜಾಗ ಬದಲಾಯಿಸಿ. ಸಮತಟ್ಟು ನೆಲದಲ್ಲಿ ನಿಂತಾಗ ಸೂರ್ಯ 42 ಡಿಗ್ರಿಗಿಂತ ಮೇಲೇರಿದರೆ ಬಿಲ್ಲು ಕಣ್ಣಿನ ಮಟ್ಟದಿಂದ ಕೆಳಗಿಳಿಯುತ್ತದೆ. ಮೇಲಿನಿಂದ ಕಣಿವೆಗೆ ಇಣುಕುವ ವ್ಯೂ ಪಾಯಿಂಟಿನಲ್ಲಿ ಮಾತ್ರ ಆಗಲೂ ಸಿಗುತ್ತದೆ. ಪೋಲರೈಸರ್ ಹಾಕಿದ್ದರೆ ಹುಷಾರು. ಒಂದು ಕಡೆ ತಿರುಗಿಸಿದರೆ ಬಿಲ್ಲು ಗಾಢವಾಗುತ್ತದೆ, ಇನ್ನೊಂದು ಕಡೆಗೆ ಮಾಯವಾಗುತ್ತದೆ.

ಹುಣ್ಣಿಮೆಯ ಆಸುಪಾಸು ಬೆಳದಿಂಗಳಿಗೂ ಬಿಲ್ಲು ಮೂಡುವ ಜಾಗಗಳಿವೆ. ಆಫ್ರಿಕಾದ ವಿಕ್ಟೋರಿಯಾ ಜಲಪಾತ ಅದಕ್ಕೆ ಹೆಸರುವಾಸಿ. ಕಣ್ಣಿಗೆ ಬೂದು ಬಣ್ಣದ ಕಮಾನು ಕಂಡರೂ 10ರಿಂದ 30 ಸೆಕೆಂಡ್ ತೆರೆದಿಟ್ಟ ಕ್ಯಾಮೆರಾಗೆ ಬಣ್ಣ ಸಿಗುತ್ತದೆ. ಇಲ್ಲಿ ಮಾತ್ರ ನೀರು ಹತ್ತಿಯಾದರೂ ನನ್ನ ತಕರಾರಿಲ್ಲ.

ವಾಪಸ್ ಬಂದ ಮೇಲೆ

ಎಡಿಟಿಂಗ್ ಹೆಚ್ಚು ಬೇಡ. ಹೈಲೈಟ್ (ತೀರಾ ಬೆಳಕಿನ ಭಾಗ) ಇಳಿಸಿ, ನೆರಳು ಸ್ವಲ್ಪ ಎತ್ತಿ. ನೆರಳಿನಲ್ಲಿ ತೆಗೆದ ನೀರು ಆಕಾಶದ ಬೆಳಕಿಗೆ ನೀಲಿಯಾಗಿ ಬಂದಿರುತ್ತದೆ. ವೈಟ್ ಬ್ಯಾಲೆನ್ಸ್ ಬೆಚ್ಚಗಿನ ಕಡೆಗೆ ತಳ್ಳಿ, ಪೂರ್ತಿ ಅಲ್ಲ. ತುಸು ನೀಲಿ ಉಳಿದರೆ ತಂಪು ಅನ್ನಿಸುತ್ತದೆ. ವಿವರಗಳನ್ನು ಎದ್ದು ಕಾಣಿಸುವ ಕ್ಲಾರಿಟಿಯನ್ನು ಬಂಡೆಗೆ ಕೊಡಿ, ನೀರಿಗೆ ಬೇಡ.

ಅಂದೇ ರಾತ್ರಿ ಚೀಲ ಖಾಲಿ ಮಾಡಿ, ಕ್ಯಾಮೆರಾ ಒರೆಸಿ ಗಾಳಿಗೆ ಇಡಿ. ಟ್ರೈಪಾಡ್ ಕಾಲುಗಳನ್ನು ಪೂರ್ತಿ ಎಳೆದು ಒಣಗಿಸಿ, ಕೆಳಗಿನ ಲಾಕಿನ ಒಳಗೆ ಮರಳು ಸೇರಿದ್ದರೆ ಬಿಚ್ಚಿ ತೊಳೆಯಿರಿ. ನಾನು ಒಮ್ಮೆ 'ನಾಳೆ ನೋಡೋಣ' ಎಂದು ಮೂಲೆಗಿಟ್ಟಿದ್ದೆ. ಮುಂದಿನ ಪ್ರವಾಸದಲ್ಲಿ ಎರಡು ಕಾಲು ತೆರೆದವು, ಮೂರನೆಯದು ಏನು ಮಾಡಿದರೂ ಜಗ್ಗಲಿಲ್ಲ.